ಸಾಯೋ ಅಮರಪ್ಪನ ವನ್ಸ್‌ಮೋರ್

ಸಿಂಧನೂರಿನಿಂದ ಮಸ್ಕಿಗೆ ಹೊಂಟ ಬಸ್ಸಿನ್ಯಾಗ ನನ್ನ ಬಾಜೂಕ ಕುಂತಿದ್ದ ಕಾಲೇಜು ಹುಡುಗಿ ಫೋನಿನ್ಯಾಗ ಒಂದು ವಿಡಿಯೋ ಹಚ್ಚಿದ್ಲು. ಕಿವಿಗೆ ವೈರು ಸಿಗಿಸ್ಕೊಳ್ಳೋ ರೂಢಿ ನಮ್ಮ ಕಡೆ ಅಷ್ಟಾಗಿ ಇಲ್ಲ ನೋಡ್ರಿ, ಹಂಗಾಗಿ ಅರ್ಧ ಬಸ್ಸಿಗೆ ಕೇಳಾಕತ್ತಿತ್ತು. ಹಾಲಿವುಡ್ಡಿನ ಹಳೇ ನಟರು ವರ್ಷಗಟ್ಲೆ ಮನ್ಯಾಗ ಕುಂತು ಮತ್ತ ಬರ್ತಾರಂತ, ಒಂದು ಪಿಚ್ಚರ್ ಭರ್ಜರಿ ಓಡ್ತೈತಂತ, ಆಮ್ಯಾಲೆ ಮತ್ತ ಮಾಯ ಆಗ್ತಾರಂತ. ಯಾಕ? ಕತಿ ಆರಿಸೋದು ತಪ್ಪಿತು, ವಯಸ್ಸಾತು, ನೋಡೋರ ರುಚಿ ಬದಲಾತು ಅಂತ ಒಬ್ಬಾತ ಒಂದ ಉಸುರಿನ್ಯಾಗ ಹೇಳಾಕತ್ತಿದ್ದ. ನನಗ ನಗು ತಡೀಲಿಲ್ಲ. ಅಲ್ಲೋ ತಮ್ಮಾ, ಅಷ್ಟು ದೂರ ಯಾಕ ಹುಡುಕತಿ, ಪಾಮನಕಲ್ಲೂರಿಗೆ ಬಂದು ನಮ್ಮ ಅಮರಪ್ಪ ಮಾವನ್ನ ಕೇಳು ಅನ್ನಬೇಕು ಅನಿಸ್ತು.

ನಾನೂ ಅಲ್ಲಿಗೇ ಹೊಂಟಿದ್ದೆ. ಕಿಸೇದಾಗ ಲಿಂಗಸೂಗೂರಿನ ನಾಟಕದ ಮಂದಿ ಕೊಟ್ಟ ಕಾಗದ ಇತ್ತು. "ಅಮರಪ್ಪನವರು ಮತ್ತೊಮ್ಮೆ ನಮ್ಮ ರಂಗದ ಮೇಲೆ ಸಾಯಬೇಕೆಂದು ವಿನಂತಿ" ಅಂತ ಬರೆದಿದ್ರು.

ಗಾಬರಿ ಆಗಬ್ಯಾಡ್ರಿ. ಅಮರಪ್ಪ ನಮ್ಮವ್ವನ ತಮ್ಮ. ಹೊಟ್ಟಿಪಾಡಿಗೆ ಟೇಲರು, ಹುಚ್ಚಿಗೆ ನಟ. ನಾಟಕದಾಗ ಅವ ಸಾಯೋ ಚಂದ ನೋಡಾಕ ಮಂದಿ ಹತ್ತೂರಿಂದ ಬರ್ತಿದ್ರು. ಚಾಕು ಬಿದ್ದ ಕೂಡ್ಲೆ ಮೂರು ಹೆಜ್ಜಿ ತೂರಾಡಿ, ಕಂಬ ಹಿಡ್ಕೊಂಡು, ಒಂದು ನುಡಿ ಹಾಡಿ, ಅಂಗಾತ ಬೀಳ್ತಿದ್ದ. ಮಂದಿ "ವನ್ಸ್‌ಮೋರ್!" ಅಂತ ಕೂಗಿದ್ರ ಹೆಣ ಎದ್ದು ಧೋತರ ಝಾಡಿಸ್ಕೊಂಡು, ಪೆಟಿಗಿ ಬಾರಿಸೋ ಮಾಸ್ತರಗ ಸನ್ನಿ ಮಾಡಿ, ಮತ್ತ ಮೊದಲಿಂದ ಸಾಯ್ತಿತ್ತು. ಒಮ್ಮೆ ಮಸ್ಕ್ಯಾಗ ನಾಕು ಸಲ ಸತ್ತಾನ. ಹೆಸರು ನೋಡಿದ್ರ ಅಮರಪ್ಪ, ಕರಿಯೋದು ಸಾಯೋ ಅಮರಪ್ಪ! ಅವನ್ನ ಚುಚ್ಚೋ ಪಾತ್ರ ಯಾವಾಗಲೂ ನಂದಾ. ನನಗ ಮಾತು ನೆನಪು ಉಳೀತಿರಲಿಲ್ಲ ಅಂತ ಬರೇ ಚಾಕು ಕೊಟ್ಟಿದ್ರು.

ಮುಂದ ಮನಿಮನಿಗೆ ಟಿವಿ ಬಂತು, ನಾಟಕದ ಪರದಿ ಜ್ವಾಳದ ಚೀಲದ ಮ್ಯಾಲೆ ಹೊದಿಸೋಕ ಆತು. ಮಾವ ಮಷಿನ್ ತುಳಕೋತ ಉಳಿದ, ನಾ ಸಿಂಧನೂರಿನ ರೈಸ್ ಮಿಲ್ಲಿನ್ಯಾಗ ಕೆಲಸಕ್ಕ ಸೇರಿದೆ. ಹಿಂಗ ಇಪ್ಪತ್ತೈದು ವರ್ಷ ಹೋತು.

ಎರಡು ವರ್ಷದ ಹಿಂದ ಮಾವಗ ಎದಿ ಹಿಡೀತು. ರಾಯಚೂರಿನ ದವಾಖಾನ್ಯಾಗ ಎದಿಯೊಳಗ ಸ್ಟೆಂಟ್ ಅಂತ ಒಂದು ಸಣ್ಣ ನಳಿಗಿ ಹಾಕಿ ಕಳಿಸಿದ್ರು. ಸುದ್ದಿ ಊರಿಗೆ ಮುಟ್ಟೋದ್ರಾಗ ಅದು ಪಿಚ್ಚರಿನ ಸ್ಟಂಟ್ ಆತು. "ಅಮರಪ್ಪಗ ಸ್ಟಂಟ್ ಹಾಕ್ಯಾರಂತ!" ಅನ್ನೋದು ಕೇಳಿ ಮಸ್ಕಿಯ ನಾಟಕದ ಮಂದಿ ಮನಿಗೇ ಬಂದ್ರು. "ಸ್ಟಂಟ್ ಹಾಕಿಸ್ಕೊಂಡೀರಂತಲ್ರೀ, ಇನ್ನ ಏನು ಅಡ್ಡಿ? ಆ ಸಾಯೋ ಸೀನು ಒಂದು ಮಾಡ್ರಿ." ಅದು ಆ ಸ್ಟಂಟ್ ಅಲ್ರೀ ಅಂತ ಹೇಳಬೇಕಾದಾವ ನಾನು. ಹೇಳಲಿಲ್ಲ. ಚಾಕು ಹಿಡಿಯೋ ಆಸಿ ನನಗೂ ಇತ್ತಲ್ಲ!

ಶರಣಮ್ಮತ್ತಿ, ಅಂದ್ರ ಮಾವನ ಹೆಂಡ್ತಿ, ನನ್ನ ಕಡೆ ಬಟ್ಟು ಮಾಡಿ ಅಂದ್ಲು: "ಅವರಿಗೆ ಏನಾರ ಆತಂದ್ರ ನಿನ್ನ ಮಾರಿ ನೋಡಂಗಿಲ್ಲ ನಾ."

"ಡಾಕ್ಟರು ತ್ರಾಸ ತಗೋಬ್ಯಾಡ ಅಂದಾರ, ಸಾಯಬ್ಯಾಡ ಅಂದಿಲ್ಲಲ್ಲ" ಅಂದ ಮಾವ.

ಮಸ್ಕ್ಯಾಗ ಮಟಮಟ ಮಧ್ಯಾಹ್ನ ಶಾಮಿಯಾನದ ಕೆಳಗ ಎರಡು ಸಲ ಸತ್ತ. ಸೀಟಿ ಏನು, ಚಪ್ಪಾಳಿ ಏನು! ಸಿಂಧನೂರಿನ್ಯಾಗ ಮಂದಿ ಸೇರಿತ್ತು, ಆದ್ರ ಎಲ್ಲಾರ ಕೈಯಾಗೂ ಫೋನು. ಕೈ ಖಾಲಿ ಇಲ್ಲದ ಮಂದಿ ಚಪ್ಪಾಳಿ ಹೆಂಗ ಹೊಡದಾರು? ಮೂರನೇದು ಬಂಗಾರದ ಗಣಿ ಇರೋ ಹಟ್ಟಿ. ರಾತ್ರಿ ಪಾಳಿ ಮುಗಿಸಿ ಗಣಿಯಿಂದ ಮ್ಯಾಲೆ ಬಂದವರಿಗಂತ ಮುಂಜಾನಿ ಹತ್ತಕ್ಕ ನಾಟಕ. ನಾಷ್ಟಾ ಮಾಡಿ ಸಾವು ನೋಡಾಕ ಕುಂತಿದ್ರು. ಮುಂದಿನ ಸಾಲಿನ್ಯಾಗ ಶರಣಮ್ಮತ್ತಿನೂ ಇದ್ಲು.

ನಾ ಚುಚ್ಚಿದೆ. ಮಾವ ಒಂದ ಹೆಜ್ಜಿ ತೂರಾಡಿದ. ಹಾಡು ಅರ್ಧಕ್ಕ ಬಿಟ್ಟು ಬಿದ್ದುಬಿಟ್ಟ. "ವನ್ಸ್‌ಮೋರ್! ವನ್ಸ್‌ಮೋರ್!" ಹೆಣ ಏಳಲಿಲ್ಲ. ಎಷ್ಟೊತ್ತು ಬಿದ್ದಿದ್ನೋ ಅಷ್ಟು ಚಪ್ಪಾಳಿ ಹೆಚ್ಚಾತು. ರಟ್ಟಿನ ಚಾಕು ಒಗದು ಕುಂತು ಅಲ್ಲಾಡಿಸಿದೆ. "ಮಾವ, ಏಳೋ ಮಾವ, ತಪ್ಪಾತೋ..." ಅತ್ತಿ ಚಪ್ಪಲಿ ಬಿಟ್ಟು ಸ್ಟೇಜ್ ಹತ್ತಿ ಬಂದು, ಅವನ ಎದಿ ಮ್ಯಾಲೆ ಕೈ ಇಟ್ಲು.

ಮಾವ ಒಂದು ಕಣ್ಣು ತೆರದ. "ಚೀರಬ್ಯಾಡ್ರಲೇ. ಅರಾಮ ಅದೀನಿ. ಏಳಾಕ ಮನಸಿಲ್ಲ, ಅಷ್ಟಾ. ಪರದಿ ಎಳಿ ಅನ್ನು."

ಆವತ್ತು ನನಗಾದ ಸಮಾಧಾನ ಹೆಂಗ ಹೇಳ್ಲಿ? ಪರದಿ ಹಿಂದ ಕುಂತು ಸಣ್ಣ ಕೂಸಿನಂಗ ಅತ್ತೆ, ಅಳಕೋತ ನಕ್ಕೆ.

ಹೊಳ್ಳಿ ಬರೋವಾಗ ಜೀಪಿನ್ಯಾಗ ಮಾವ ಅಂದ: "ಮೊದಲ ಸಾವು ಅಂದ್ರ ಏನಂತ ಗೊತ್ತಿರಲಿಲ್ಲಪಾ, ಅದಕ್ಕ ಚಂದ ಸಾಯ್ತಿದ್ದೆ. ಈಗ ದವಾಖಾನ್ಯಾಗ ಅದರ ಮಾರಿ ನೋಡಿ ಬಂದೀನಿ. ಬೀಳೋವಾಗ ಎಲ್ಲೆರ ಖರೇನ ಆದೀತೇನೋ ಅಂತ ಅಂಜಿಕಿ. ಅಂಜಿಕಿ ಇಟ್ಕೊಂಡು ಹಾಡು ಬರಂಗಿಲ್ಲ. ಮತ್ತ ಆ ಮಂದಿ ವನ್ಸ್‌ಮೋರ್ ಅನ್ನೋದು ನನಗಲ್ಲಲೇ, ಆ ಹಳೇ ಅಮರಪ್ಪಗ. ಅವನ್ನ ನಾ ಎಲ್ಲಿಂದ ತರ್ಲಿ?" ಅತ್ತಿ ಕಡೆ ಕೈ ಮಾಡಿ, "ಊರೆಲ್ಲ ಚಪ್ಪಾಳಿ ಹೊಡಿಯಾಕತ್ತಿತ್ತು, ನಿಮ್ಮತ್ತಿ ಬಾಯಾಗ ಸೆರಗು ತುರುಕ್ಕೊಂಡು ಕುಂತಿದ್ಲು" ಅಂದ. ಅತ್ತಿ ಕಿಟಕಿ ಕಡೆ ಮಾರಿ ತಿರುಗಿಸಿದ್ಲು.

ಇಷ್ಟೆಲ್ಲ ಆದ ಮ್ಯಾಲೂ ಲಿಂಗಸೂಗೂರಿನ ಕಾಗದ ಇಟ್ಕೊಂಡು ಹೊಂಟಿದ್ದೆ ನೋಡ್ರಿ, ನನ್ನಂಥ ಶಾಣ್ಯಾ ಯಾರದಾನ!

ಪಾಮನಕಲ್ಲೂರಿಗೆ ಹೋದ್ರ ಮಾವ ಕಟ್ಟಿ ಮ್ಯಾಲೆ ಅಂಗಾತ ಮಲಗಿದ್ದ, ಕಣ್ಣು ಮುಚ್ಚಿ. ಓಡಿದೆ ನಾ. ಹತ್ರ ಹೋಗಿ ನೋಡಿದೆ, ಹೊಟ್ಟಿ ಏರಿ ಇಳಿಯಾಕತ್ತಿತ್ತು. ಉಸ್ಸಪ್ಪಾ ಅಂತ ಬಾಜೂಕ ಕುಂತೆ.

ಅತ್ತಿ ಚಾ ತಂದ್ಲು. ಮಾವ ಎದ್ದು ಕುಂತು ಸೊರ್‍ರಂತ ಕುಡದು, ಖಾಲಿ ಕಪ್ಪು ಮುಂದ ಹಿಡದ. ಹಟ್ಟಿಯಿಂದ ಬಂದ ಮ್ಯಾಲೆ ಆ ಮಾತು ಮನ್ಯಾಗ ಯಾರೂ ಆಡಬಾರದು ಅಂತ ಹುಕುಂ ಮಾಡಿದಾಕಿ ಅತ್ತಿನಾ. ಈಗ ತಾನಾ ಸೊಂಟದ ಮ್ಯಾಲೆ ಕೈ ಇಟ್ಟು, "ಏನ್ರೀ, ವನ್ಸ್‌ಮೋರಾ?" ಅಂದ್ಲು.

"ಹೂಂ" ಅಂದ ಮಾವ. ಆಕಿ ನಕ್ಕೋತ ಕಪ್ಪು ತುಂಬ ಸುರುವಿದ್ಲು.

ಕಿಸೇದಾಗಿನ ಕಾಗದ ತಗದು ನಾಕು ಮಡಿಕಿ ಮಾಡಿ, ಬಿಸಿ ಕಪ್ಪಿನ ಕೆಳಗ ಇಟ್ಟೆ.

"ಏನಲೇ ಅದು?" ಅಂದ ಮಾವ.

"ಏನಿಲ್ಲ ಮಾವ, ರದ್ದಿ. ನೀ ಚಾ ಕುಡಿ."