ಕಿಟಕಿ ಪಕ್ಕದ ಪಂಜರದ ಇಲಿಗಳು

ನಾನು ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. ಬೀದರಿನ ಒಂದು ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುತ್ತಿದ್ದೆ, ಅಷ್ಟೇ. ನೀರಿಗೆ ಒಂದು ಪುಡಿ ಬೆರೆಸಿ ಕುಡಿಸಿದರೆ ಇಲಿಗಳ ದೊಡ್ಡಕರುಳು ಉರಿದು ಹುಣ್ಣಾಗುತ್ತದೆ. ಆಮೇಲೆ ಹೊಸ ಔಷಧಿ ಕೊಟ್ಟು ನೋಡುವುದು. ಭಾಲ್ಕಿಯಲ್ಲಿದ್ದ ನನ್ನ ತಂಗಿಗೂ ಅಂಥದೇ ಕಾಯಿಲೆ. ರಕ್ತ ಹೋಗಿ ಹೋಗಿ ಬಿಳಿಚಿಕೊಂಡಿದ್ದಳು. ದೊಡ್ಡಕರುಳು ತೆಗೆಯಲು ಡಾಕ್ಟರು ದಿನ ಗೊತ್ತುಮಾಡಿದ್ದರು.

ಅಷ್ಟರಲ್ಲಿ ಔಷಧಿ ಕೊಟ್ಟ ಒಂದು ಪಂಜರದ ಇಲಿಗಳು ಚೇತರಿಸಿಕೊಂಡವು. ಒಂದನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೇರೆ ಇಲಿಗಳ ಕರುಳಿನ ಪೊರೆಗೆ ಮುತ್ತಿಕೊಂಡಿದ್ದ ಬಿಳಿ ರಕ್ತಕಣಗಳು ಇದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ! ಔಷಧಿ ಸಿಕ್ಕಿತೆಂದು ನಾನು ಹುಚ್ಚನಂತೆ ತಂಗಿಗೆ ಫೋನ್ ಮಾಡಿದೆ. ಅವಳು ಆಪರೇಷನ್ ಬೇಡವೆಂದಳು.

ಕೆಲವು ವಾರಗಳ ಮೇಲೆ, ಪ್ರಯೋಗ ನಡೆಸುತ್ತಿದ್ದ ನಮ್ಮ ಮೇಡಂ ಆ ಪಂಜರದ ಪುಡಿ ಬೆರೆಸಿದ ನೀರಿನ ಬಾಟಲಿ ಎತ್ತಿ ಹಿಡಿದರು.

"ಇದಕ್ಕ ಮ್ಯಾಲಿಂದ ನೀರು ಹಾಕ್ಯಾರೇನ್ರಿ?"

"ನಾನೇ ಹಾಕೇನ್ರಿ. ಕಿಟಕಿ ಬಿಸಿಲಿಗಿ ಅವು ಭಾಳ ಕುಡೀತಾವ."

"ಬರೇ ನೀರು?"

ಬರೀ ನೀರೇ. ನಮ್ಮ ಕಡೆ ಬೇಸಿಗೆಯಲ್ಲಿ ಅರ್ಧ ಕೊಡ ಕಂಡರೆ ಕೈ ತಾನೇ ತುಂಬಿಸುತ್ತದೆ. ದಿನಾ ತುಂಬಿಸಿ ನಾನು ಆ ಪುಡಿಯನ್ನೇ ತೆಳ್ಳಗೆ ಮಾಡಿದ್ದೆ. ಔಷಧಿ ಏನೂ ಮಾಡಿರಲಿಲ್ಲ.

ಭಾಲ್ಕಿಗೆ ಹೋಗಿ ಹೇಳಿದೆ. ತಂಗಿ ಬೈಯಲಿಲ್ಲ.

"ಇಲಿಗಿ ವಿಷ ಕುಡ್ಸೋದು ಕಮ್ಮಿ ಮಾಡ್ದಿ, ಆರಾಮಾದವು. ನನಗ ಏನು ಕಮ್ಮಿ ಮಾಡ್ತಿಯಪ್ಪಾ?"

ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಹಚ್ಚಿದೆ. ಈ ಕೆಲವು ವಾರಗಳಲ್ಲಿ ಅವಳ ಮೈಯ ರಕ್ತ ತೀರಾ ಕಮ್ಮಿಯಾಗಿದೆ, ಇನ್ನು ಆಪರೇಷನ್ ಮಾಡಲಾಗದು ಎಂದರು.