ಬಸಣ್ಣ ಹುಡುಕಿದ ಮಡು

ಆಲಮಟ್ಟಿ ಅಣೆಕಟ್ಟಿನ ಮೇಲ್ಭಾಗದ ಹೊಳೆದಂಡೆಯ ಅಂಬಿಗರಲ್ಲಿ ಬಸಣ್ಣನಷ್ಟು ನೀರನ್ನು ಬಲ್ಲವರಿರಲಿಲ್ಲ. ಅವನಷ್ಟು ಹಟಮಾರಿಗಳೂ ಇರಲಿಲ್ಲ. ಕೃಷ್ಣೆಯ ಯಾವ ತಿರುವಿನಲ್ಲಿ ಎಷ್ಟು ಆಳ, ಯಾವ ಬಂಡೆಯ ಸಂದಿನಲ್ಲಿ ಯಾವ ಮೀನು ಎಂಬುದನ್ನು ತನ್ನ ಮನೆಯ ಗೂಡು-ಮಾಡಗಳಂತೆ ಹೇಳುತ್ತಿದ್ದನು.

ಹಿರಿಯ ಮಗಳು ರೇಣವ್ವನಿಗೆ ಆಗ ಮೂವತ್ತು ವರ್ಷ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಪ್ಪ ಹಿಡಿದ ಮೀನನ್ನು ಸಂತೆಗೆ ಹೊತ್ತು ಮಾರುತ್ತಿದ್ದಳು. ಮಾರುವುದು ಹೆಂಗಸರ ಕೆಲಸ, ಹುಟ್ಟು ಹಾಕುವುದು ಗಂಡಸರ ಕೆಲಸ ಎಂಬುದು ಅವರ ರೂಢಿ. ಅಪ್ಪನ ಕಣ್ಣು ಮಂಜಾಗುತ್ತ, ರಟ್ಟೆ ಸೋಲುತ್ತ ಬಂದಿದ್ದವು. ಹರಿಗೋಲನ್ನು ತನಗೆ ಬಿಟ್ಟುಕೊಡೆಂದು ಅವಳು ಎರಡು ವರ್ಷಗಳಿಂದ ಜಗಳವಾಡುತ್ತಿದ್ದಳು.

೨೦೦೩ರ ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಬಸಣ್ಣನ ತಾಳ್ಮೆ ತಪ್ಪಿತು.

"ಆತು, ಇವತ್ತ ನೀನೂ ಬಾ. ಹಣಮಪ್ಪನ ಮಡುವಿನಾಗ ಬಾಳಿಮೀನ ಹಿಡದು ತೋರಸ್ತೇನಿ. ಹಿಡದ್ನೆಂದ್ರ ಇನ್ನ ಈ ಸುದ್ದಿ ತಗೀಬ್ಯಾಡ."

"ಹಿಡೀಲಿಲ್ಲಂದ್ರ?"

"ಹುಟ್ಟು ನಿನ್ನ ಕೈಯಾಗ."

ಆಲಮಟ್ಟಿಯ ಹಿನ್ನೀರು ನಿಂತು ಊರು ಮುಳುಗಡೆಯಾದ ಮೇಲೆ ಅವನು ಆ ಮಡುವಿನ ಕಡೆಗೆ ಹೋದವನಲ್ಲ; ದಂಡೆಯ ಹತ್ತಿರವೇ ಬಲೆ ಹಾಕಿ ದಿನ ದೂಡುತ್ತಿದ್ದನು. ಹೊಳೆ ಈಗ ಕಣ್ಣು ಹಾಯುವವರೆಗೂ ನೀರೇ ನೀರು.

"ಗುರುತ ಸಿಗತೈತೇನ ಯಪ್ಪಾ?"

"ನೀರ ಏರಿದ್ರ ಗುಡ್ಡ ಸರೀತೈತೇನ ಹುಚ್ಚಿ? ಹಣಮಪ್ಪನ ಗುಡಿ ಕಳಸ, ಅದರ ಹಿಂದ ಗುಡ್ಡದ ಮ್ಯಾಲಿನ ಬೇವಿನ ಗಿಡ. ಎರಡೂ ಒಂದ ಸಾಲಿಗೆ ಬಂದ್ವು ಅಂದ್ರ ಕೆಳಗ ಮಡು. ನಮ್ಮಜ್ಜ ತೋರಿಸಿದ್ದು."

ದೂರದಲ್ಲಿ ಕಳಸ ಮಿನುಗುತ್ತಿತ್ತು. ಬಸಣ್ಣ ಕಣ್ಣು ಕಿರಿದುಮಾಡಿ ಸಾಲು ಹಿಡಿದನು, ಹರಿಗೋಲು ನಿಲ್ಲಿಸಿ ಗಾಳ ಎಸೆದನು. ಸ್ವಲ್ಪ ಹೊತ್ತಿಗೆ ದಾರ ಬಿಗಿಯಿತು. "ಬಂತು ಬಂತು!" ಎಂದು ಜಗ್ಗಿದರೆ ಬಂದದ್ದು ಕೊಳೆತ ಜಾಲಿಯ ಟೊಂಗೆ. ಎರಡನೆಯ ಸಲವೂ ಅದೇ. ಮೂರನೆಯ ಸಲ ದಾರವೇ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಗಾಳ ನೀರಿನ ಪಾಲಾದವು.

"ನೀ ಕೆಮ್ಮಿದಿ, ಮೀನ ಓಡಿ ಹೋತು."

"ನಾ ಎಲ್ಲಿ ಕೆಮ್ಮೇನಿ?"

"ಹಂಗಾರ ಉಸರಾಡಿದಿ."

ರೇಣವ್ವ ಹಲ್ಲು ಕಚ್ಚಿ, ಹಗ್ಗಕ್ಕೆ ಕಲ್ಲು ಕಟ್ಟಿ ನೀರಿಗಿಳಿಬಿಟ್ಟಳು.

"ಹಣಮಪ್ಪನ ಮಡು ಆರಾಳುದ್ದ ಐತಿ ಅಂತಿದ್ದಿ. ಇಲ್ಲಿ ಎರಡಾಳೂ ಇಲ್ಲ."

"ಹೂಳ ತುಂಬೈತಿ."

"ಹೂಳಿನಾಗ ಜಾಲಿಗಿಡ ಬೆಳೀತಾವೇನ?"

ರೇಣವ್ವ ಮತ್ತೊಮ್ಮೆ ದಂಡೆಯ ಕಡೆ ನೋಡಿದಳು. ಆಗ ಅವಳಿಗೆ ಎಲ್ಲವೂ ಹೊಳೆಯಿತು. ಮುಳುಗಡೆಗೆ ಊರು ಎತ್ತಿದಾಗ ಹಣಮಪ್ಪ ದೇವರೂ ಊರಿನವರ ಸಂಗಡ ಹೊರಟಿದ್ದನು. ಆ ಗುಡಿ ಹೊಸ ಊರಿನದು. ಕಳಸ ಮಾತ್ರ ಹಳೆಯದು. ಅವರು ಕುಳಿತದ್ದು ಮಡುವಿನ ಮೇಲಲ್ಲ, ಯಾರದೋ ಮುಳುಗಿದ ಹೊಲದ ಬದುವಿನ ಮೇಲೆ.

ಸುಮ್ಮನಿದ್ದರೆ ಹೊತ್ತು ಮುಳುಗುತ್ತದೆ, ಹುಟ್ಟು ತನ್ನದಾಗುತ್ತದೆ. ಹೇಳಿದರೆ ಅಪ್ಪ ನಿಜವಾದ ಮಡು ಹುಡುಕಿ ಮೀನು ಹಿಡಿದರೂ ಹಿಡಿದಾನು. ಅಷ್ಟರಲ್ಲಿ ಬಸಣ್ಣ ಐದನೆಯ ಗಾಳ ಕಟ್ಟತೊಡಗಿದನು. ಮಂಜುಗಣ್ಣಿಗೆ ದಾರ ಕಾಣದೆ ಮೂರು ಸಲ ಗಂಟು ತಪ್ಪಿತು. ಅವಳಿಗೆ ತಡೆಯಲಾಗಲಿಲ್ಲ.

"ಯಪ್ಪಾ, ಅದು ಹೊಸ ಗುಡಿ. ಹಣಮಪ್ಪ ಹಳೀ ಜಾಗಾದಿಂದ ಸರದಾನ."

ಬಸಣ್ಣ ಕಳಸವನ್ನೂ ಬೇವನ್ನೂ ದಿಟ್ಟಿಸಿದನು. ಸಿಟ್ಟೆಲ್ಲ ದೇವರ ಮೇಲೆ ತಿರುಗಿತು.

"ಅಂವಾ ಸರಿಯೋದಿದ್ರ ನನಗ ಹೇಳಿ ಸರೀಬೇಕಿತ್ತು!"

"ಹೇಳೋದೇನ? ಕಳಸಾ ನೀನ ತಲಿ ಮ್ಯಾಲ ಹೊತಗೊಂಡು ಹೋಗೀದಿ."

ಅವನು ಹುಟ್ಟು ಹಾಕುತ್ತ ಸಂಜೆಯವರೆಗೂ ಹಳೆಯ ಗುಡಿಯ ಜಾಗ ಹುಡುಕಿದನು. ಹಿಡಿಯಲು ಒಂದು ಸಾಲೂ ಉಳಿದಿರಲಿಲ್ಲ. ಕೊನೆಗೆ ಹುಟ್ಟನ್ನು ಮಗಳ ಕಾಲ ಬುಡಕ್ಕೆ ಒಗೆದು, ಬೆನ್ನು ತಿರುಗಿಸಿ ಕುಳಿತನು.

ರೇಣವ್ವ ಹುಟ್ಟು ಹಾಕಿದಳು. ಹರಿಗೋಲು ಬುಗುರಿಯಂತೆ ನಿಂತಲ್ಲೇ ತಿರುಗಿತು.

"ಮುಂದ ಚಾಚಿ ನಿನ್ನ ಕಡೆ ಎಳಿ. ಎಡಕ್ಕ ಬ್ಯಾಡ. ಎಡಕ್ಕ ಬ್ಯಾಡ ಅಂದ್ನಲಾ! ಹಿಟ್ಟ ಕಲಸಾಕತ್ತೀಯೇನ?"

ದಂಡೆ ಮುಟ್ಟುವವರೆಗೂ ಅವನ ಬಾಯಿ ನಿಲ್ಲಲಿಲ್ಲ. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಬಸಣ್ಣ ಇಳಿದು, ಹಿಂದೆ ನೋಡದೆ ದಿಬ್ಬ ಹತ್ತಿದನು.

"ನಾಳಿ ನಸುಕಿನಾಗ ಏಳು. ಇಂಥಾ ಕೈ ತಗೊಂಡು ಒಬ್ಬಾಕಿನ ಹೋಗಬ್ಯಾಡ, ನಾನೂ ಬರ್ತೇನಿ."

ಹರಿಗೋಲನ್ನು ಮೇಲಕ್ಕೆಳೆದು ಬೋರಲು ಹಾಕುವ ಕೆಲಸ ಇನ್ನು ಅವಳದು. ಅದು ಇಷ್ಟು ಭಾರವೆಂದು ಅಪ್ಪ ಒಮ್ಮೆಯೂ ಹೇಳಿರಲಿಲ್ಲ.