ಒಂದೇ ಡಬ್ಬಿಯ ಗುಳಿಗೆಗಳು

ನಾನು ಅಂಕಿಸಂಖ್ಯೆಯ ಮನುಷ್ಯ. ವೈದ್ಯಕೀಯ ವಿಶ್ವವಿದ್ಯಾಲಯವೊಂದರ ಸಂಶೋಧನಾ ವಿಭಾಗದಲ್ಲಿ ಕೂತು ಹಳ್ಳಿಯ ರೋಗಿಗಳ ಮಾಹಿತಿ ಜೋಡಿಸುವುದು ನನ್ನ ಕೆಲಸ. ಕಾಗದ ಸರಿಯಿದ್ದರೆ ನನಗೆ ಲೋಕವೇ ಸರಿಯಿದ್ದಂತೆ. ಭಾಗ್ಯಶ್ರೀ ಹಾಗಲ್ಲ. ಹಾನಗಲ್ಲಿನ ಈ ಹೆಣ್ಣುಮಗಳು ನಮ್ಮ ಪರವಾಗಿ ಸ್ಕೂಟರಿನಲ್ಲಿ ಶಿಗ್ಗಾಂವಿ ತಾಲ್ಲೂಕು ಸುತ್ತಿ ರೋಗಿಗಳನ್ನು ವಿಚಾರಿಸುತ್ತಿದ್ದಳು. ಹತ್ತು ಪ್ರಶ್ನೆ ಕೇಳಿ ಬಾ ಅಂದರೆ ಎರಡು ತಾಸು ಕೂತು, ಚಹಾ ಕುಡಿದು, ಅವರ ಎಮ್ಮೆ ಈದದ್ದನ್ನೂ ತಿಳಿದು ಬರುವವಳು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನಾನು ಗೊಣಗುತ್ತಿದ್ದೆ.

ಆಗ ನಡೆದಿದ್ದುದು ಸಕ್ಕರೆ ಕಾಯಿಲೆಯವರ ಕಿಡ್ನಿ ಉಳಿಸಬಹುದಾದ ಹೊಸ ಗುಳಿಗೆಯ ಪರೀಕ್ಷೆ. ದಿನನಿತ್ಯದ ಔಷಧ ಎಲ್ಲರಿಗೂ ಇತ್ತು. ಅದರ ಜೊತೆಗೆ ಅರ್ಧ ಜನರಿಗೆ ಹೊಸ ಗುಳಿಗೆ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿಯೇ ಭಾಗ್ಯಶ್ರೀ ಒಪ್ಪಿಗೆ ಪಡೆಯುತ್ತಿದ್ದಳು.

ದುಂಡಸಿಯ ಯಂಕವ್ವ ಮತ್ತು ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಜಯಶ್ರೀ, ಇಬ್ಬರೂ ಪರೀಕ್ಷೆಯಲ್ಲಿದ್ದರು. ಒಂದು ದಿನ ಭಾಗ್ಯಶ್ರೀ ಅವರ ಅಡುಗೆಮನೆಗೆ ಹೋದರೆ, ಎರಡು ಡಬ್ಬಿ ಇರಬೇಕಾದ ಗೋಡೆಯ ಮಾಡದಲ್ಲಿ ಒಂದೇ ದೊಡ್ಡ ಡಬ್ಬಿ. ಮೊದಲ ತಿಂಗಳಿನಿಂದಲೂ ಇಬ್ಬರೂ ತಮ್ಮ ಗುಳಿಗೆಗಳನ್ನು ಅದರಲ್ಲಿ ಸುರುವಿ, ಕಲಸಿ, ದಿನಾ ಒಂದೊಂದು ನುಂಗುತ್ತಿದ್ದರು.

"ಒಬ್ಬಾಕಿಗೆ ಖರೇ ಔಷಧ, ಇನ್ನೊಬ್ಬಾಕಿಗೆ ಬರೇ ಗುಳಿಗಿ ಬರಬಹುದು ಅಂತ ನೀನ ಹೇಳಿದ್ಯಲ್ಲವಾ," ಎಂದಳು ಯಂಕವ್ವ. "ಒಂದ ಮನ್ಯಾಗ ಒಂದ ಕಣ್ಣಿಗೆ ಬೆಣ್ಣಿ, ಒಂದ ಕಣ್ಣಿಗೆ ಸುಣ್ಣ ಅಂದ್ರ ಹೆಂಗ? ಬಂದದ್ದು ಇಬ್ಬರಿಗೂ ಅರ್ಧರ್ಧ ಬರಲಿ ಅಂತ ಕೂಡಿಸೇವಿ."

ಭಾಗ್ಯಶ್ರೀ ನೇರ ನನ್ನ ಬಳಿ ಬಂದಳು. ವರದಿ ಮಾಡಿದರೆ ಆ ಇಬ್ಬರನ್ನೂ ಕೈಬಿಡಬೇಕು. ಪಟ್ಟಿಯಿಂದ ಹತ್ತಕ್ಕಿಂತ ಹೆಚ್ಚು ಜನ ತಪ್ಪಿಹೋದರೆ ಕಾರ್ಯಕರ್ತೆಯ ಕೆಲಸ ಮುಂದುವರಿಸುವುದಿಲ್ಲ ಎಂಬ ನಿಯಮವಿತ್ತು. ಅವಳ ಪಟ್ಟಿಯಲ್ಲಿ ಆಗಲೇ ಒಂಬತ್ತು ಜನ ತಪ್ಪಿದ್ದರು.

"ಗುಳಿಗಿ ಎಣಿಕಿ ಸರಿ ಅದ ಅಲ್ಲ, ಸುಮ್ಮನ ಇದ್ದುಬಿಡು," ಎಂದೆ ನಾನು.

"ಸುಮ್ಮನಿದ್ರ ಈ ಗುಳಿಗಿ ಬಗ್ಗೆ ನೀವು ಸುಳ್ಳ ಬರೀತೀರಿ. ನಾಳೆ ಅದನ್ನ ನಂಬಿ ಯಾರರ ಕಿಡ್ನಿ ಕಳಕೊಂಡ್ರ?" ಎಂದು ಕಡ್ಡಿ ಮುರಿದಂತೆ ಹೇಳಿ ವರದಿ ಬರೆದಳು. ಯಂಕವ್ವನ ಮಾತನ್ನೂ ಇದ್ದ ಹಾಗೇ ಬರೆದಳು. ದುಂಡಸಿಗೆ ಹೋಗಿ ಆ ಇಬ್ಬರಿಗೂ ತಾನೇ ವಿಷಯ ತಿಳಿಸಿದಳು. ಅವರು ಮುಖ ತಿರುಗಿಸಿದರು. ತಿಂಗಳು ಮುಗಿಯುವಷ್ಟರಲ್ಲಿ ಇವಳ ಕೆಲಸವೂ ಹೋಯಿತು. ಕಾಗದ ಸರಿಯಿದ್ದರೆ ಸಾಕು ಎಂದಿದ್ದ ನಾನು ಮಾತ್ರ ಕುರ್ಚಿಯಲ್ಲೇ ಇದ್ದೆ. ನನಗೆ ನಾಚಿಕೆಯಾಯಿತು.

ಆ ವರದಿ ಓದಿದ ಡಾಕ್ಟರುಗಳು ಬೇರೆ ಮನೆಗಳಲ್ಲೂ ವಿಚಾರಿಸಿದರು. ಇನ್ನೂ ಆರು ಮನೆಗಳಲ್ಲಿ ಇದೇ ಕತೆ. ಎರಡು ವರ್ಷ ಬಿಟ್ಟು ಹೊಸದಾಗಿ ಪರೀಕ್ಷೆ ಶುರುಮಾಡುವಾಗ, ಒಂದು ಮನೆಗೆ ಒಂದೇ ಬಗೆಯ ಗುಳಿಗೆ ಎಂದು ನಿಯಮ ಮಾಡಿದರು. ಹಾನಗಲ್ಲಿನ ಬಟ್ಟೆ ಅಂಗಡಿಯಲ್ಲಿದ್ದ ಭಾಗ್ಯಶ್ರೀಯನ್ನು ಮರಳಿ ಕರೆಯಬೇಕೆಂದು ನಾನೇ ಗಂಟುಬಿದ್ದೆ. ಅವಳು ಬಂದವಳೇ ಮೊದಲು ಹೊರಟಿದ್ದು ದುಂಡಸಿಗೆ. ನಾನೂ ಜೊತೆಗೆ ಹೋದೆ.

ಯಂಕವ್ವ ಒಳಗೆ ಬಾ ಅನ್ನಲಿಲ್ಲ. ಬಾಗಿಲಲ್ಲೇ ನಿಂತು ಭಾಗ್ಯಶ್ರೀ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಈ ಸಲ ನಮ್ಮಿಬ್ಬರಿಗೂ ಒಂದ ನಮೂನಿ?"

"ಒಂದ ನಮೂನಿ. ಆದ್ರ ಖರೇ ಔಷಧ ಬರ್ತೈತೋ, ಬರೇ ಗುಳಿಗಿ ಬರ್ತೈತೋ ನನಗೂ ಗೊತ್ತಿಲ್ಲ."

ಯಂಕವ್ವ ಒಳಗೆ ತಿರುಗಿ ನೆಗೆಣ್ಣಿಯನ್ನು ಕರೆದಳು.

"ಜಯಶ್ರೀ, ಬಾ ಇಲ್ಲೆ, ಸಹಿ ಮಾಡು. ಬಂದ್ರ ಇಬ್ಬರಿಗೂ ಬರ್ತೈತಿ, ಇಲ್ಲಂದ್ರ ಇಬ್ಬರಿಗೂ ಇಲ್ಲ."